ಸಣ್ಣ ಬಡಾವಣೆಗೆ ಎಂಥ ರಸ್ತೆ? ಮೂವತ್ತಡಿ, ನಲವತ್ತಡಿ, ಡಾಂಬರು, ಕಾಂಕ್ರೀಟು, ಪೇವರ್: ಒಂದು ಹೋಲಿಕೆ

ಬಡಾವಣೆಯ ರಸ್ತೆಗೆ ಡಾಂಬರು ಒಳ್ಳೆಯದೋ ಕಾಂಕ್ರೀಟು ಒಳ್ಳೆಯದೋ ಎಂದು ಕೇಳಿಕೊಂಡು ಬರುವವರಿಗೆ ನಾನು ಎದುರು ಪ್ರಶ್ನೆ ಹಾಕುತ್ತೇನೆ: ನಿಮ್ಮ ಮನೆಯ ಹೊಸ್ತಿಲು ರಸ್ತೆಗಿಂತ ಎಷ್ಟು ಇಂಚು ಮೇಲಿದೆ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಗೊತ್ತಿರುವವರು ಸಾಮಾನ್ಯವಾಗಿ ಒಂದು ಮಳೆಗಾಲದಲ್ಲಿ ದಿವಾನದ ಕಾಲಿನವರೆಗೆ ನೀರು ಕಂಡವರು.

ಊರಿನ ಅಂಚಿನ ಎರಡು ಮೂರು ಎಕರೆ ಜಮೀನು ಭೂಪರಿವರ್ತನೆಯಾಗಿ ನಲವತ್ತು ಐವತ್ತು ಸೈಟುಗಳಾಗುವಾಗ ರಸ್ತೆಯ ಚರ್ಚೆ ಎಲ್ಲ ಕಡೆಯೂ ಒಂದೇ ಧಾಟಿಯಲ್ಲಿ ನಡೆಯುತ್ತದೆ. ಬಡಾವಣೆ ಮಾಡುವವರಿಗೆ ಮೂವತ್ತಡಿ ಸಾಕು. ಸೈಟು ಕೊಳ್ಳುವವರಿಗೆ ನಲವತ್ತಡಿ ಬೇಕು. ಪಂಚಾಯಿತಿ ಸದಸ್ಯರಿಗೆ ಮುಂದೆ ಇದರ ಬೀದಿದೀಪದ ಬಿಲ್ಲು ಯಾರು ಕಟ್ಟುತ್ತಾರೆ ಎಂಬ ಚಿಂತೆ. ಪಕ್ಕದ ಹೊಲದವರಿಗೆ ತಮ್ಮ ಬಂಡಿದಾರಿ ಉಳಿಯುತ್ತದೆಯೇ ಎಂಬ ಆತಂಕ. ಇಷ್ಟೆಲ್ಲ ಇದ್ದರೂ ಮಾತು ಐದು ನಿಮಿಷದಲ್ಲಿ ರಸ್ತೆಯ ಮೇಲ್ಮೈಗೆ ಬಂದು ನಿಲ್ಲುತ್ತದೆ, ಏಕೆಂದರೆ ಕಣ್ಣಿಗೆ ಕಾಣುವುದು ಅದೊಂದೇ. ಇಂಥ ಎಷ್ಟೋ ಸಭೆಗಳಲ್ಲಿ ಕುಳಿತು ನನಗೆ ಅಂಟಿಕೊಂಡಿರುವ ಕ್ರಮ ಬೇರೆ: ಮೊದಲು ನೀರು, ಆಮೇಲೆ ಪೈಪು, ಆಮೇಲೆ ಅಗಲ, ಕೊನೆಗೆ ಮೇಲ್ಮೈ. ಈ ಹೋಲಿಕೆಯೂ ಅದೇ ಕ್ರಮದಲ್ಲಿದೆ.

ಮೊದಲು ಒಂದು ಕಾನೂನಿನ ಮಾತು

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 17ನೆಯ ಪ್ರಕರಣದಂತೆ ಜಮೀನನ್ನು ಸೈಟುಗಳಾಗಿ ಒಡೆಯಲು, ಖಾಸಗಿ ರಸ್ತೆ ಬಿಡಲು ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ರಸ್ತೆ, ಉದ್ಯಾನದ ಜಾಗಗಳನ್ನು ಪರಿತ್ಯಾಜನ ಪತ್ರದ ಮೂಲಕ ಉಚಿತವಾಗಿ ಬಿಟ್ಟುಕೊಡಬೇಕು. ಮುಂದೆ ಅವುಗಳ ನಿರ್ವಹಣೆ ಪಂಚಾಯಿತಿ ಅಥವಾ ಪುರಸಭೆಯ ಹೆಗಲಿಗೆ. ಅಂದರೆ ನಕ್ಷೆಗೆ ಮುದ್ರೆ ಒತ್ತುವುದು ಒಂದು ಕಚೇರಿ, ಮೂವತ್ತು ವರ್ಷ ಚರಂಡಿ ಹೂಳು ತೆಗೆಯುವುದು ಇನ್ನೊಂದು ಕಚೇರಿ. ಜಗಳದ ಬೇರು ಇರುವುದು ಇಲ್ಲಿ. ಆದ್ದರಿಂದ ನಿಮ್ಮ ಆಕ್ಷೇಪ, ಸಲಹೆ ಏನಿದ್ದರೂ ಅಂತಿಮ ಮಂಜೂರಾತಿಗೆ ಮೊದಲೇ ಎರಡೂ ಕಚೇರಿಗಳಿಗೆ ಬರಹದಲ್ಲಿ ಹೋಗಬೇಕು. ಸೈಟುಗಳು ನೋಂದಣಿಯಾಗಿ, ಬಡಾವಣೆ ಮಾಡಿದವರು ಮುಂದಿನ ಜಮೀನಿಗೆ ಹೋದ ಮೇಲೆ ಕೂಗಾಡುವುದು ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ನೀರು: ಮುಚ್ಚಿದ ಚರಂಡಿ, ತೆರೆದ ಚರಂಡಿ, ಇಂಗುಗುಂಡಿ

ಒಂದು ಲೆಕ್ಕ ಹಾಕೋಣ. ಮೂರು ಎಕರೆ ಎಂದರೆ ಸುಮಾರು 12,140 ಚದರ ಮೀಟರ್. ಒಂದು ಸಂಜೆ 50 ಮಿ.ಮೀ. ಮಳೆ ಸುರಿದರೆ ಅಷ್ಟು ಜಾಗದ ಮೇಲೆ ಬೀಳುವ ನೀರು ಆರು ಲಕ್ಷ ಲೀಟರ್. ಆರು ಸಾವಿರ ಲೀಟರಿನ ನೂರು ಟ್ಯಾಂಕರ್. ಹೊಲವಾಗಿದ್ದಾಗ ಅದರಲ್ಲಿ ಬಹುಪಾಲು ಮಣ್ಣಿಗೇ ಇಳಿಯುತ್ತಿತ್ತು. ತಾರಸಿ, ಕಾಂಪೌಂಡಿನೊಳಗಿನ ಟೈಲ್ಸು, ಕಾಂಕ್ರೀಟು ರಸ್ತೆ ಬಂದ ಮೇಲೆ ಬಹುಪಾಲು ಹರಿಯುತ್ತದೆ. ಅರ್ಧವೇ ಹರಿಯಿತು ಎಂದುಕೊಂಡರೂ ಐವತ್ತು ಟ್ಯಾಂಕರ್ ನೀರು ನಿಮ್ಮ ರಸ್ತೆಯ ತಗ್ಗಿನ ತುದಿಯಲ್ಲಿ ಒಂದೆರಡು ಗಂಟೆಯೊಳಗೆ ಬಂದು ಸೇರುತ್ತದೆ. ಅದು ಮುಂದೆ ಎಲ್ಲಿಗೆ ಹೋಗುತ್ತದೆ? ಒಂದು ಸಭೆಯಲ್ಲಿ ಈ ಪ್ರಶ್ನೆ ಕೇಳಿದ್ದು ಎಂಜಿನಿಯರೂ ಅಲ್ಲ, ಸೈಟು ಕೊಂಡವರೂ ಅಲ್ಲ. ಬಾಗಿಲ ಬಳಿ ನಿಂತಿದ್ದ ಪಕ್ಕದ ಹೊಲದ ಯಜಮಾನರು. "ರಸ್ತೆ ನಿಮ್ಮದು, ನೀರು ಮಾತ್ರ ನನ್ನದೇ ಸ್ವಾಮಿ?" ಎಂದರು. ಯಾರ ಬಳಿಯೂ ಉತ್ತರವಿರಲಿಲ್ಲ.

ಉತ್ತರ ಹುಡುಕಬೇಕಾದದ್ದು ಬಡಾವಣೆಯ ಬಣ್ಣದ ನಕ್ಷೆಯಲ್ಲಿ ಅಲ್ಲ, ಹಳೆಯ ಗ್ರಾಮ ನಕ್ಷೆಯಲ್ಲಿ. ಸರ್ವೆ ನಂಬರಿನಲ್ಲಿ ಹಳ್ಳ, ಕಾಲುವೆ, ಬಂಡಿದಾರಿ ಏನಾದರೂ ಬಿ ಖರಾಬು (ಸಾಗುವಳಿಗೆ ಸೇರದ, ಸಾರ್ವಜನಿಕ ಬಳಕೆಯ ಜಾಗ) ಎಂದು ನಮೂದಾಗಿದೆಯೇ ನೋಡಿ. ಬಿ ಖರಾಬು ಸಾರ್ವಜನಿಕರದ್ದು. ಅದರ ಮೇಲೆ ಸೈಟೂ ಬರಬಾರದು, ಅದನ್ನು ತಿರುಚಿ ಚರಂಡಿ ಮಾಡಲೂಬಾರದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಆಸುಪಾಸಿನ ಬಡಾವಣೆಗಳಿಂದ ಜನ ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರಬಂದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಕೋಟಿಗಟ್ಟಲೆ ಬೆಲೆಯ ಮನೆಗಳ ಮುಂದಿನ ರಸ್ತೆಗಳಲ್ಲಿ ಹೊಳಪಿಗೇನೂ ಕೊರತೆಯಿರಲಿಲ್ಲ. ನೀರಿಗೆ ತನ್ನ ಹಳೆಯ ದಾರಿ ನೆನಪಿತ್ತು, ಅಷ್ಟೇ.

ಈಗ ಆಯ್ಕೆಗಳಿಗೆ ಬರೋಣ. ಚಪ್ಪಡಿ ಮುಚ್ಚಿದ ಚರಂಡಿಗೆ ಎಲ್ಲರ ಓಟು, ಏಕೆಂದರೆ ಅದರ ಮೇಲೆ ನಡೆಯಬಹುದು, ಮನೆಯೊಳಗೆ ಕಾರು ಹತ್ತಿಸಬಹುದು, ವಾಸನೆ ಕಡಿಮೆ. ದೋಷವೆಂದರೆ ಒಳಗೆ ಕಟ್ಟಿಕೊಂಡದ್ದು ಕಾಣುವುದಿಲ್ಲ. ಪ್ರತಿ ಮನೆಯವರೂ ತಮ್ಮ ಗೇಟಿನ ಮುಂದೆ ಚಪ್ಪಡಿಯ ಮೇಲೆ ಕಾಂಕ್ರೀಟು ಸುರಿದು ರ‍್ಯಾಂಪ್ ಮಾಡಿಕೊಂಡರೆ ಮುಗಿಯಿತು, ಮುಂದೆ ಹೂಳು ತೆಗೆಯಲು ಬರುವವರು ಸುತ್ತಿಗೆ ಹಿಡಿದೇ ಬರಬೇಕು. ಮುಚ್ಚಿದ ಚರಂಡಿ ಬೇಕೆಂದರೆ ಪ್ರತಿ ಎರಡು ಸೈಟಿಗೆ ಒಂದರಂತೆ, ಇಬ್ಬರು ಎತ್ತಬಹುದಾದ ಬಿಡಿ ಚಪ್ಪಡಿ ಇರಲೇಬೇಕು ಎಂದು ಸಭೆಯ ನಡಾವಳಿಯಲ್ಲೇ ಬರೆಸಿ. ಸೈಜುಕಲ್ಲಿನ ತೆರೆದ ಚರಂಡಿ ನೋಡಲು ಹಳ್ಳಿಯದ್ದರಂತೆ ಕಂಡರೂ ಕಟ್ಟಿಕೊಂಡರೆ ಅಂದೇ ಕಾಣುತ್ತದೆ, ಸಲಿಕೆಯೊಂದಿದ್ದರೆ ಸಾಕು. ಸಣ್ಣ ಮಕ್ಕಳು, ವಯಸ್ಸಾದವರು ಓಡಾಡುವ ಕಡೆ ಅಪಾಯ ಎಂಬುದೂ ನಿಜ.

ಮೂರನೆಯದು ಇಂಗಿಸುವುದು: ರಸ್ತೆಯಂಚಿನಲ್ಲಿ ತಗ್ಗಾದ ಹುಲ್ಲುಪಟ್ಟಿ, ಅಲ್ಲಲ್ಲಿ ಇಂಗುಬಾವಿ. ಬೆಂಗಳೂರು, ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣಿಗೆ ಇದು ಹೇಳಿ ಮಾಡಿಸಿದಂತಿದೆ, ಬೋರ್‌ವೆಲ್ಲಿಗೂ ಒಳ್ಳೆಯದು. ಆದರೆ ವಿಜಯಪುರ, ಗದಗ, ರಾಯಚೂರು ಕಡೆಯ ಎರೆ ಭೂಮಿಯಲ್ಲಿ ರಸ್ತೆಯ ಬುಡಕ್ಕೇ ನೀರು ಇಂಗಿಸಿದರೆ ನೀವೇ ರಸ್ತೆ ಕಿತ್ತಂತೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರಿಯುತ್ತದೆ. ಅಲ್ಲಿ ನೀರನ್ನು ರಸ್ತೆಯಿಂದ ಆದಷ್ಟು ದೂರ ಕೊಂಡೊಯ್ದು ಉದ್ಯಾನದ ಮೂಲೆಯ ಹೊಂಡಕ್ಕೆ ಬಿಡಬೇಕು. ಕರಾವಳಿಯ ಕಥೆಯೇ ಬೇರೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮೇಲೆ ಮಳೆ. ಆಷಾಢದಲ್ಲಿ ಇಂಗುಗುಂಡಿಯೇ ತುಂಬಿ ಉಕ್ಕುತ್ತದೆ. ಅಲ್ಲಿ ಚರಂಡಿಯ ಗಾತ್ರವೇ ಗತಿ.

ಚರಂಡಿ ಯಾವುದಾದರೂ ಆಗಲಿ, ನೂರು ಅಡಿಗೆ ಆರು ಇಂಚಾದರೂ ಇಳಿಜಾರು ಬೇಕು. ಇದನ್ನು ಪರೀಕ್ಷಿಸಲು ದುಬಾರಿ ಉಪಕರಣ ಬೇಡ. ಮೇಸ್ತ್ರಿಗಳ ಬಳಿ ಇರುವ ಟ್ಯೂಬ್ ಲೆವೆಲ್ ಸಾಕು: ಬೆರಳು ದಪ್ಪದ ಪಾರದರ್ಶಕ ಪೈಪು, ಅದರೊಳಗೆ ಗುಳ್ಳೆಯಿಲ್ಲದಂತೆ ತುಂಬಿದ ನೀರು. ಒಬ್ಬರು ಬಡಾವಣೆಯ ಹೆಬ್ಬಾಗಿಲಲ್ಲಿ ಒಂದು ತುದಿ ಹಿಡಿದು ನಿಲ್ಲಲಿ, ಇನ್ನೊಬ್ಬರು ಐವತ್ತು ಅಡಿ ಮುಂದೆ. ಎರಡೂ ಕಡೆ ನೀರಿನ ಮಟ್ಟದಿಂದ ನೆಲಕ್ಕೆ ಟೇಪು ಹಿಡಿದರೆ ವ್ಯತ್ಯಾಸ ಇಂಚಿನಲ್ಲಿ ಸಿಗುತ್ತದೆ. ಭಾನುವಾರ ಬೆಳಿಗ್ಗೆ ಎರಡು ಗಂಟೆಯಲ್ಲಿ ಇಡೀ ಬಡಾವಣೆ ಅಳೆಯಬಹುದು. ನಾವು ಹಾಗೆ ಅಳೆದಾಗ ನಕ್ಷೆಯ ಬಾಣದ ಗುರುತು ಹೊರಗೆ ತೋರಿಸುತ್ತಿದ್ದ ಚರಂಡಿ ನೆಲದ ಮೇಲೆ ಒಳಕ್ಕೆ ಇಳಿಯುತ್ತಿತ್ತು.

ಪೈಪು

ರಸ್ತೆ ಹಾಳಾಗುವುದು ವಾಹನದಿಂದಲ್ಲ, ಗುದ್ದಲಿಯಿಂದ. ಹೊಸ ಕಾಂಕ್ರೀಟು ಹಾಕಿದ ತಿಂಗಳೊಳಗೆ ನಲ್ಲಿ ಸಂಪರ್ಕಕ್ಕೆಂದು ಅಗೆಯುವ ದೃಶ್ಯ ನೋಡದ ಊರು ಯಾವುದಿದೆ? 1898ರ ಪ್ಲೇಗಿನ ಹೊತ್ತಿನಲ್ಲಿ ರೂಪುಗೊಂಡ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ, ಅಂದರೆ ಕಸ, ಹೊಲಸು ಸಾಗಿಸುವ ಕಿರುದಾರಿ ಬಿಟ್ಟಿದ್ದರು. ಮೈಸೂರಿನ ಹಳೆಯ ಬಡಾವಣೆಗಳಲ್ಲೂ ಇವು ಇವೆ. ಕೊಳಕು ಕೆಲಸವೆಲ್ಲ ಹಿಂದಿನಿಂದ, ಮುಂದಿನ ರಸ್ತೆ ನಿರಾಳ. ಇಂದಿನ ಸೈಟಿನ ಬೆಲೆಗೆ ಹಿಂದೊಂದು ಓಣಿ ಬಿಡಿ ಎಂದರೆ ಬಡಾವಣೆ ಮಾಡುವವರು ನಕ್ಕು ಸುಮ್ಮನಾಗುತ್ತಾರೆ.

ಅದಕ್ಕೆ ಬದಲಿ ಅಗ್ಗದ ಉಪಾಯವೊಂದಿದೆ. ರಸ್ತೆಯ ಮೇಲ್ಮೈ ಹಾಕುವ ಮೊದಲು ಪ್ರತಿ ಎರಡು ಸೈಟಿನ ಗಡಿಯಲ್ಲಿ ರಸ್ತೆಗೆ ಅಡ್ಡಲಾಗಿ ಖಾಲಿ ಪಿವಿಸಿ ಪೈಪು ಹೂತುಬಿಡಿ, ಎರಡು ತುದಿಗೂ ಮುಚ್ಚಳ ಹಾಕಿ, ಕಾಂಪೌಂಡಿನ ಮೇಲೆ ಬಣ್ಣದಲ್ಲಿ ಗುರುತು ಮಾಡಿ. ನಾಳೆ ನೀರು, ಕೇಬಲ್, ಫೈಬರ್ ಏನು ಬಂದರೂ ಅದರೊಳಗೆ ತೂರಿಸಬಹುದು. ಪೈಪು, ಕೇಬಲ್‌ಗಳನ್ನೆಲ್ಲ ಮೊದಲೇ ನೆಲದಡಿ ಜೋಡಿಸಿ ಕಟ್ಟಿದ ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳಲ್ಲಿ ಕೋಟಿಗಳ ಲೆಕ್ಕದಲ್ಲಿ ಮಾಡಿದ ಕೆಲಸದ ತಿರುಳು ಇದೇ. ಒಳಚರಂಡಿಯ ಮ್ಯಾನ್‌ಹೋಲುಗಳನ್ನು ರಸ್ತೆಯ ನಡುವೆ ಇಡುವುದಕ್ಕಿಂತ ಒಂದು ಪಕ್ಕಕ್ಕೆ ಇಡುವುದು ಮೇಲು. ಇಷ್ಟು ಹೇಳಿದರೆ ಸಾಕು.

ಅಗಲ: ಮೂವತ್ತಡಿಯೋ ನಲವತ್ತಡಿಯೋ

ಮೂವತ್ತಡಿ ಎಂದರೆ 9 ಮೀಟರ್, ನಲವತ್ತಡಿ ಎಂದರೆ 12 ಮೀಟರ್. ಇದು ಕಾಂಪೌಂಡಿನಿಂದ ಕಾಂಪೌಂಡಿಗೆ ಇರುವ ಅಗಲ, ವಾಹನ ಓಡುವ ಜಾಗವಲ್ಲ. ಈ ಒಂದು ಗೊಂದಲದಿಂದ ಅರ್ಧ ವಾದ ಹುಟ್ಟುತ್ತದೆ.

200 ಮೀಟರ್ ಉದ್ದದ ರಸ್ತೆಯನ್ನು 9ರಿಂದ 12 ಮೀಟರಿಗೆ ಏರಿಸಿದರೆ ಹೋಗುವ ಜಾಗ 600 ಚದರ ಮೀಟರ್, ಸುಮಾರು 6,450 ಚದರ ಅಡಿ. 30x40ರ ಐದು ಸೈಟು. ಬಡಾವಣೆ ಮಾಡುವವರು ಏಕೆ ಹಟ ಹಿಡಿಯುತ್ತಾರೆ ಎಂಬುದು ಇಲ್ಲೇ ಗೊತ್ತಾಗುತ್ತದೆ. ಅವರು ಆ ಐದು ಸೈಟಿನ ಬೆಲೆಯನ್ನು ಉಳಿದ ಸೈಟುಗಳ ಮೇಲೆ ಹಂಚುತ್ತಾರೆ, ಅಂದರೆ ಅಗಲದ ಬೆಲೆ ತೆರುವವರು ನೀವೇ. ಮತ್ತೊಂದು ಕಡೆ, ಕಟ್ಟಡಕ್ಕೆ ಸಿಗುವ ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ) ರಸ್ತೆಯ ಅಗಲದೊಂದಿಗೆ ತಳಕು ಹಾಕಿಕೊಂಡಿರುವುದರಿಂದ ಅಗಲ ರಸ್ತೆಯ ಸೈಟು ಮರುಮಾರಾಟದಲ್ಲಿ ಚೆನ್ನಾಗಿ ಹೋಗುತ್ತದೆ. ಆದರೆ ಅದೇ ಕಾರಣಕ್ಕೆ ನಿಮ್ಮ ಪಕ್ಕದ ಸೈಟಿನಲ್ಲಿ ಬಾಡಿಗೆ ಮನೆಗಳ ಗೂಡು ಏಳುವುದೂ ಅಲ್ಲೇ.

ಒಳಗಿನ ಹಂಚಿಕೆ ನೋಡಿ. 9 ಮೀಟರಿನಲ್ಲಿ 5.5 ಮೀಟರ್ ವಾಹನಕ್ಕೆ ಕೊಟ್ಟರೆ ಎರಡು ಪಕ್ಕಕ್ಕೆ ತಲಾ 1.75 ಮೀಟರ್ ಉಳಿಯುತ್ತದೆ. ಅಷ್ಟರಲ್ಲಿ ಚರಂಡಿ, ಕಂಬ, ಮರ ಎಲ್ಲವೂ ಒತ್ತಿಕೊಂಡು ಕೂರಬೇಕು. ಭಾರತೀಯ ರಸ್ತೆ ಕಾಂಗ್ರೆಸ್ (ಐಆರ್‌ಸಿ) ಕಾಲುದಾರಿಗೆ ಹೇಳುವ 1.8 ಮೀಟರ್ ತೆರವು ಜಾಗ ಇಲ್ಲಿ ಹುಟ್ಟುವುದಿಲ್ಲ, ಜನ ರಸ್ತೆಯಲ್ಲೇ ನಡೆಯುತ್ತಾರೆ. 12 ಮೀಟರಿನಲ್ಲಿ 7 ಮೀಟರ್ ವಾಹನಕ್ಕೆ ಕೊಟ್ಟರೂ ಪಕ್ಕಕ್ಕೆ 2.5 ಮೀಟರ್ ಬರುತ್ತದೆ: ಚರಂಡಿಯ ಚಪ್ಪಡಿಯನ್ನೇ 1.8 ಮೀಟರಿನ ಕಾಲುದಾರಿ ಮಾಡಿ, ಉಳಿದ ಎರಡು ಅಡಿಯಲ್ಲಿ ಹೊಂಗೆಯೋ ಬೇವೋ ನೆಡಬಹುದು.

ನಿರ್ಧಾರಕ್ಕೆ ಬರಬೇಕಾದದ್ದು ನಿಲ್ಲಿಸಿದ ಕಾರುಗಳಿಂದ. ಒಂದು ಕಾರು ಸುಮಾರು 1.8 ಮೀಟರ್ ನುಂಗುತ್ತದೆ. 5.5 ಮೀಟರಿನಲ್ಲಿ ಎರಡೂ ಬದಿ ಕಾರು ನಿಂತರೆ ಉಳಿಯುವುದು 1.9 ಮೀಟರ್. ಎರಡೂವರೆ ಮೀಟರ್ ಅಗಲದ ಅಗ್ನಿಶಾಮಕ ವಾಹನ ಬಾಯಿಬಿಟ್ಟು ನೋಡುತ್ತಾ ನಿಲ್ಲಬೇಕು. 7 ಮೀಟರಿನಲ್ಲಿ 3.4 ಉಳಿಯುತ್ತದೆ, ನೀರಿನ ಟ್ಯಾಂಕರೂ ಹೋಗುತ್ತದೆ. ಆದ್ದರಿಂದ ಪ್ರತಿ ಮನೆಯವರೂ ಕಾಂಪೌಂಡಿನ ಒಳಗೇ ಕಾರು ನಿಲ್ಲಿಸುವ ಬಡಾವಣೆಗೆ ಮೂವತ್ತಡಿ ಧಾರಾಳ. ಸೈಟು 20x30 ಆಗಿದ್ದು ಕಾರೆಲ್ಲ ಬೀದಿಗೆ ಬರುವ ಕಡೆ ಮೂವತ್ತಡಿ ಸಾಲದು. ನಾನು ಒಲಿಯುವುದು ನಡುವಿನ ದಾರಿಗೆ: ಹೆಬ್ಬಾಗಿಲಿನಿಂದ ಒಳಹೋಗುವ ಮುಖ್ಯ ರಸ್ತೆ 12, ಅಡ್ಡರಸ್ತೆಗಳು 9. ರಾಷ್ಟ್ರೀಯ ಕಟ್ಟಡ ಸಂಹಿತೆ ಕೂಡ ಅಗಲವನ್ನು ಉದ್ದಕ್ಕೆ ಕಟ್ಟಿಹಾಕುತ್ತದೆ: 9 ಮೀಟರಿನ ರಸ್ತೆ 250 ಮೀಟರ್ ಉದ್ದದವರೆಗೆ, 12 ಮೀಟರಿನದು 400 ಮೀಟರ್‌ವರೆಗೆ. ನಿಮ್ಮ ಊರಿನ ವಲಯ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದೇ ಅನ್ವಯ.

ಅಗಲ ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಹಂಪ್ಸ್ ಬೇಡಿಕೆ ಹೆಚ್ಚುತ್ತದೆ. ಐಆರ್‌ಸಿ ಹೇಳುವ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅಂದರೆ ಹನ್ನೆರಡು ಅಡಿ ಉದ್ದಕ್ಕೆ ನಾಲ್ಕೇ ಇಂಚು ಏರಿ ಇಳಿಯಬೇಕು. ನಮ್ಮಲ್ಲಿ ರಾತ್ರೋರಾತ್ರಿ ಏಳುವುದು ಒಂದಡಿ ಅಗಲ, ಅರ್ಧ ಅಡಿ ಎತ್ತರದ ಹಂದಿಬೆನ್ನು. ಬಸುರಿಯರು, ಬೆನ್ನುನೋವಿನವರು ಅದನ್ನು ದಾಟಿಯೇ ಆಸ್ಪತ್ರೆಗೆ ಹೋಗಬೇಕು. ಕಾರುಗಳು ಕಾಂಪೌಂಡಿನ ಒಳಗೇ ನಿಲ್ಲುವ ಕಡೆ ವಾಹನದ ಜಾಗವನ್ನು 7ರ ಬದಲು 5.5ಕ್ಕೆ ಇಳಿಸಿ ಉಳಿದದ್ದನ್ನು ಮರಕ್ಕೆ ಕೊಟ್ಟರೆ ಅರ್ಧ ಹಂಪ್ಸ್ ಬೇಕಾಗುವುದೇ ಇಲ್ಲ.

ಮುಂದೆ ಸಾಗುವ ರಸ್ತೆ, ಮುಚ್ಚಿದ ರಸ್ತೆ

ಪಕ್ಕದ ಬಡಾವಣೆಗೆ ರಸ್ತೆ ಸೇರಿಸಬೇಕೇ, ಗೋಡೆ ಕಟ್ಟಿ ನಿಲ್ಲಿಸಬೇಕೇ? ಕೊಳ್ಳುವವರೆಲ್ಲ ಮುಚ್ಚಿದ ತುದಿ ಬೇಕು ಎನ್ನುತ್ತಾರೆ, ಹೊರಗಿನ ಬೈಕುಗಳು ಬರುವುದಿಲ್ಲ, ಮಕ್ಕಳು ಕ್ರಿಕೆಟ್ ಆಡಬಹುದು. ಆದರೆ ರಸ್ತೆಯ ತುದಿಗೆ ನೇರ ಎದುರಾಗಿ ಸಿಗುವ ಸೈಟನ್ನು ಮಾತ್ರ ಒಬ್ಬರೂ ಕೊಳ್ಳುವುದಿಲ್ಲ. ರಸ್ತೆ ಕುತ್ತು! ವಾಸ್ತುವಿನ ನಂಬಿಕೆ ನಿಮಗಿಲ್ಲದಿದ್ದರೂ ಮುಂದೆ ಕೊಳ್ಳುವವರಿಗೆ ಇರುತ್ತದೆ. ಜಾಣರು ಆ ತುದಿಯಲ್ಲಿ ಉದ್ಯಾನ ಇಡುತ್ತಾರೆ.

ಮುಚ್ಚಿದ ರಸ್ತೆಗೆ ಸಂಹಿತೆಯಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಷರತ್ತಿದೆ. 150 ಮೀಟರ್ ಮೀರಿದರೆ ನಡುವೆ ವಾಹನ ತಿರುಗಿಸುವ ಜಾಗ ಬೇಕು, 275 ಮೀಟರ್ ದಾಟುವಂತಿಲ್ಲ, ತಿರುಗುವ ಜಾಗ 81 ಚದರ ಮೀಟರಿಗೆ ಕಡಿಮೆಯಿರಬಾರದು, ಯಾವ ಬದಿಯೂ 9 ಮೀಟರಿಗೆ ಕಡಿಮೆಯಿರಬಾರದು. ಇವೆಲ್ಲ ನಿರೀಕ್ಷಿತ. ನನಗೆ ಹಿಡಿಸಿದ್ದು ಕೊನೆಯದು: ಮುಚ್ಚಿದ ತುದಿ, ರಸ್ತೆ ಶುರುವಾಗುವ ಕಡೆಗಿಂತ ಎತ್ತರದಲ್ಲಿರಬೇಕು. ಬರೆದವರಿಗೆ ಮಳೆ ಗೊತ್ತಿತ್ತು. ತುದಿ ತಗ್ಗಾಗಿದ್ದರೆ ಅದು ರಸ್ತೆಯಲ್ಲ, ಕಟ್ಟೆಯಿಲ್ಲದ ಕೆರೆ. ನಿಮ್ಮ ಜಮೀನು ಹಿಂದಕ್ಕೆ ಇಳಿಯುವಂತಿದ್ದರೆ ಮುಚ್ಚಿದ ರಸ್ತೆಯ ಆಸೆ ಅಲ್ಲಿಗೇ ಬಿಡಿ.

ಮುಂದೆ ಸಾಗುವ ರಸ್ತೆಯಿಂದ ಊರಿಗೆ ಲಾಭ. ಪ್ರತಿ ಬಡಾವಣೆಯೂ ತನ್ನ ಗೋಡೆ ತಾನು ಕಟ್ಟಿಕೊಂಡರೆ ಎಲ್ಲ ವಾಹನವೂ ಒಂದೇ ಹೆದ್ದಾರಿಗೆ ಬಂದು ಬೀಳುತ್ತದೆ. ಅಮೆರಿಕದ ವರ್ಜೀನಿಯಾ ರಾಜ್ಯ 2009ರಲ್ಲಿ, ಅಕ್ಕಪಕ್ಕಕ್ಕೆ ಸಂಪರ್ಕ ಬಿಡದ ಹೊಸ ಬಡಾವಣೆಗಳ ರಸ್ತೆಗಳನ್ನು ಸರ್ಕಾರದ ನಿರ್ವಹಣೆಗೆ ತೆಗೆದುಕೊಳ್ಳುವುದಿಲ್ಲ ಎಂಬ ನಿಯಮವನ್ನೇ ತಂದಿತು, ಆಮೇಲೆ ಸ್ವಲ್ಪ ಸಡಿಲಿಸಿತು. ಬೇಲಿ ಬೇಕಾದವರು ಬೇಲಿಯ ಖರ್ಚನ್ನೂ ಹೊರಿ ಎಂಬ ವಾದ. ನಮ್ಮಲ್ಲಿ ಸಂಘಗಳದು ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಪರಿತ್ಯಾಜನ ಪತ್ರವಾದ ಮೇಲೆ ರಸ್ತೆ ಸಾರ್ವಜನಿಕರದ್ದು, ಗೇಟು ಹಾಕಿ ತಡೆಯುವ ಹಕ್ಕು ಸಂಘಕ್ಕಿಲ್ಲ. ಪತ್ರ ಆಗದೆ ಖಾಸಗಿಯಾಗೇ ಉಳಿಸಿಕೊಂಡರೆ ಪಂಚಾಯಿತಿಯ ದುಡ್ಡಿನಲ್ಲಿ ಗುಂಡಿ ಮುಚ್ಚಿಸಿ ಎಂದು ಕೇಳುವ ಬಾಯಿಲ್ಲ. ಗೇಟೂ ಬೇಕು, ಪಂಚಾಯಿತಿಯ ಬಲ್ಬೂ ಬೇಕು ಎಂದರೆ ಆಗದು.

ಸಣ್ಣ ಬಡಾವಣೆಯಲ್ಲಿ ಮೂರನೆಯ ಆಯ್ಕೆಯೂ ಇದೆ, ಅದನ್ನು ಯಾರೂ ಕೇಳುವುದಿಲ್ಲ: ತುದಿಯಲ್ಲಿ ವಾಹನಕ್ಕೆ ತಡೆ, ನಡೆಯುವವರಿಗೆ, ಸೈಕಲ್ಲಿಗೆ ದಾರಿ. ನಾಲ್ಕು ಕಲ್ಲುಕಂಬ ನೆಟ್ಟರೆ ಮುಗಿಯಿತು. ಆಚೆಯ ಬೀದಿಯ ಹಾಲಿನ ಬೂತು ಒಂದು ಕಿಲೋಮೀಟರಿನಿಂದ ನೂರು ಅಡಿಗೆ ಬರುತ್ತದೆ.

ಕೊನೆಗೆ ಮೇಲ್ಮೈ

ಡಾಂಬರು ಹಾಕಲು ಅಗ್ಗ, ಬೇಗ ಮುಗಿಯುತ್ತದೆ, ಮಾರನೆಯ ದಿನವೇ ಓಡಾಡಬಹುದು. ಸಣ್ಣ ಬಡಾವಣೆಗಳಲ್ಲಿ ಹಾಕುವುದು ಸಾಮಾನ್ಯವಾಗಿ ಜೆಲ್ಲಿ ಪದರದ ಮೇಲೆ 20 ಮಿ.ಮೀ.ನಷ್ಟು ತೆಳು ಹೊದಿಕೆ. ಅದರ ಶತ್ರು ನಿಂತ ನೀರು. ಕಾರು ತೊಳೆದ ನೀರು ದಿನಾ ಒಂದೇ ಜಾಗದಲ್ಲಿ ನಿಂತರೂ ಆರು ತಿಂಗಳಲ್ಲಿ ಜೆಲ್ಲಿ ಎದ್ದು ಬರುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಮೆಲ್ಲಗೆ ಬರುವಂಥದ್ದು. ಐದಾರು ವರ್ಷಕ್ಕೊಮ್ಮೆ ಹಳೆಯದರ ಮೇಲೆ ಹೊಸದು ಬೀಳುತ್ತದೆ. ಹಳೆಯ ಪದರ ಕೆರೆದು ತೆಗೆಯುವ ಯಂತ್ರ ಇನ್ನೂರು ಮೀಟರಿನ ಬೀದಿಗೆ ಬರುವುದಿಲ್ಲ. ಮೂರು ಸಲ ಹೀಗಾದರೆ ರಸ್ತೆ ಎರಡು ಇಂಚಿಗೂ ಹೆಚ್ಚು ಮೇಲೆ. ನಾನು ಹಿಂದೆ ಇದ್ದ ಬೀದಿಯಲ್ಲಿ ಒಂದು ಮನೆಯ ಕಬ್ಬಿಣದ ಗೇಟಿನ ಕೆಳಪಟ್ಟಿಯನ್ನು ಗ್ಯಾಸ್ ಕಟರಿನಿಂದ ಎರಡು ಬಾರಿ ಕತ್ತರಿಸಿದ್ದರು. ಮೊದಲ ಕತ್ತರಿಕೆಯ ಗೆರೆಗೆ ಬಣ್ಣ ಬಳಿದಿದ್ದರು, ಎರಡನೆಯದಕ್ಕೆ ಬೇಸತ್ತು ಹಾಗೇ ಬಿಟ್ಟಿದ್ದರು. ಆ ಮನೆಯ ಅಜ್ಜಿ ಮಳೆ ಬಂದ ಕೂಡಲೇ ಗೇಟಿನ ಬುಡಕ್ಕೆ ಮರಳಿನ ಚೀಲ ಒತ್ತಿ ಇಡುತ್ತಿದ್ದರು.

ಕಾಂಕ್ರೀಟು ಒಮ್ಮೆ ಸರಿಯಾಗಿ ಹಾಕಿದರೆ ಇಪ್ಪತ್ತು ವರ್ಷ ತಿರುಗಿ ನೋಡಬೇಕಿಲ್ಲ. ನಿಂತ ನೀರಿಗೆ ಹೆದರುವುದಿಲ್ಲ, ಆದ್ದರಿಂದ ಮಲೆನಾಡಿಗೂ ಕರಾವಳಿಗೂ ಇದೇ ಸರಿ. 'ಸರಿಯಾಗಿ' ಎಂಬ ಮಾತಿನಲ್ಲೇ ಎಲ್ಲ ಅಡಗಿದೆ. ಎಂ30 ದರ್ಜೆ (ಎಂ ಮುಂದಿನ ಅಂಕಿ ಕಾಂಕ್ರೀಟಿನ ಬಲದ ಅಳತೆ), ಕನಿಷ್ಠ ಆರು ಇಂಚು ದಪ್ಪ, ಹಾಕಿದ ಒಂದು ದಿನದೊಳಗೆ ಸುಮಾರು ನಾಲ್ಕು ಮೀಟರಿಗೊಂದು ಸಂದು ಕೊಯ್ಯಬೇಕು. ಕೊಯ್ಯದಿದ್ದರೆ ಅದು ತಾನೇ ತನಗೆ ಬೇಕಾದ ಕಡೆ ಬಿರುಕು ಬಿಡುತ್ತದೆ. ಆಮೇಲೆ ಕ್ಯೂರಿಂಗ್: ಮಣ್ಣಿನ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದೋ ಗೋಣಿತಾಟು ಹಾಸಿ ನೆನೆಸುವುದೋ, ಎರಡು ವಾರವಾದರೂ ನಡೆಯಬೇಕು. ಗುತ್ತಿಗೆದಾರರು ಮೂರನೆಯ ದಿನಕ್ಕೆ ಕಾಣೆಯಾಗುವುದು ಇಲ್ಲಿಯೇ. ಬೀದಿಯ ಇಬ್ಬರು ಮನೆಯವರು ಪೈಪು ಹಿಡಿದು ನಿಲ್ಲುವ ಪಾಳಿ ಹಾಕಿಕೊಂಡರೆ ನಿಮ್ಮ ರಸ್ತೆಯ ಆಯುಷ್ಯ ನಿಮ್ಮ ಕೈಯಲ್ಲೇ. ದೋಷ ಎರಡು: ಬೇಸಿಗೆಯಲ್ಲಿ ಕಣ್ಣು ಕುಕ್ಕುವ ಬಿಸಿಲು, ಮತ್ತು ಒಮ್ಮೆ ಒಡೆದರೆ ತೇಪೆ ಎಂದೂ ಕೂಡಿಕೊಳ್ಳುವುದಿಲ್ಲ. ಪೈಪಿನ ಕೆಲಸ ಮುಗಿಯದೆ ಕಾಂಕ್ರೀಟಿಗೆ ಒಪ್ಪಬೇಡಿ.

ಇಂಟರ್‌ಲಾಕ್ ಪೇವರಿಗೆ, ಅಂದರೆ ಒಂದಕ್ಕೊಂದು ಕೂಡಿಕೊಳ್ಳುವ ಕಾಂಕ್ರೀಟು ಕಲ್ಲುಗಳಿಗೆ, ನನ್ನ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ. ಹೊಸ ಬಡಾವಣೆಯಲ್ಲಿ ಹತ್ತು ವರ್ಷ ಮನೆ ಕಟ್ಟುವ ಕೆಲಸ ನಡೆಯುತ್ತಲೇ ಇರುತ್ತದೆ. ಕಬ್ಬಿಣದ ಲಾರಿ, ಎಂ-ಸ್ಯಾಂಡ್ ಟಿಪ್ಪರು, ರಸ್ತೆಯ ಮೇಲೆಯೇ ಕಲಸುವ ಗಾರೆ, ನಡುವೆ ನಲ್ಲಿಗೆ ಅಗೆತ. ಪೇವರ್ ಆದರೆ ಕಲ್ಲು ಎತ್ತಿ, ಪೈಪು ಹಾಕಿ, ಮಣ್ಣು ದಮ್ಮಸು ಮಾಡಿ, ಅದೇ ಕಲ್ಲು ಮತ್ತೆ ಕೂರಿಸಬಹುದು. ಮಟ್ಟ ಎಂದೂ ಏರುವುದಿಲ್ಲ. ಸಂದಿನಲ್ಲಿ ಒಂದಿಷ್ಟು ನೀರೂ ಇಳಿಯುತ್ತದೆ. ಮೋಸ ನಡೆಯುವುದು ದಪ್ಪದಲ್ಲಿ. ಪೇವರ್ ಕಲ್ಲಿನ ಭಾರತೀಯ ಮಾನಕ ಐಎಸ್ 15658ರ ಪ್ರಕಾರ ಹಗುರ ಓಡಾಟಕ್ಕೆ 60 ಮಿ.ಮೀ. ದಪ್ಪ, ಎಂ35 ದರ್ಜೆ, ಮಧ್ಯಮ ಓಡಾಟಕ್ಕೆ 80 ಮಿ.ಮೀ., ಎಂ40. ಟ್ಯಾಂಕರು, ಟಿಪ್ಪರು ಬರುವ ಬೀದಿಗೆ 80 ಬೇಕು. ಅಂದಾಜುಪಟ್ಟಿಯಲ್ಲಿ 80 ಇದ್ದು ಲಾರಿಯಿಂದ ಇಳಿಯುವುದು 60 ಆಗಿರುತ್ತದೆ. ಒಂದು ಕಲ್ಲು ಕೈಗೆತ್ತಿಕೊಂಡು ಸ್ಕೇಲು ಹಿಡಿಯಿರಿ, ಅಷ್ಟು ಸಾಕು, ಗುತ್ತಿಗೆದಾರರ ಮುಖವೇ ಉತ್ತರ ಹೇಳುತ್ತದೆ. ಅಂಚಿನಲ್ಲಿ ಬಿಗಿಯಾದ ಕರ್ಬ್ ಕಲ್ಲು ಇಲ್ಲದಿದ್ದರೆ ಇಡೀ ಹಾಸು ವರ್ಷದಲ್ಲಿ ಪಕ್ಕಕ್ಕೆ ಸರಿಯುತ್ತದೆ. ಕಡಿದಾದ ಇಳಿಜಾರಿಗೆ, ಪಾಚಿ ಕಟ್ಟುವ ಮಲೆನಾಡಿನ ನೆರಳು ಬೀದಿಗೆ ಇದು ಬೇಡ, ಜಾರುತ್ತದೆ.

ಕೆಂಪು ಮಣ್ಣಿನ ಬಯಲುಸೀಮೆಯಲ್ಲಿ, ಅರ್ಧಕ್ಕಿಂತ ಹೆಚ್ಚು ಸೈಟು ಖಾಲಿಯಿದ್ದರೆ ಅಡ್ಡರಸ್ತೆಗಳಿಗೆ 80ರ ಪೇವರ್, ಮುಖ್ಯ ರಸ್ತೆಗೆ ಸದ್ಯ ಡಾಂಬರು. ಮನೆಗಳೆಲ್ಲ ಎದ್ದು ಪೈಪು ಕೆಲಸ ಮುಗಿದಿದ್ದರೆ ಮುಖ್ಯ ರಸ್ತೆಗೆ ಕಾಂಕ್ರೀಟು. ಎರೆ ಭೂಮಿಯಲ್ಲಿ ಮೇಲ್ಮೈಗಿಂತ ಕೆಳಗಿನ ಗರಸಿನ ಪದರಕ್ಕೆ ದುಡ್ಡು ಹಾಕಿ. ಅಲ್ಲಿ ತೆಳು ಕಾಂಕ್ರೀಟು ಮೊದಲ ಬೇಸಿಗೆಯಲ್ಲೇ ಸೀಳುತ್ತದೆ, ಡಾಂಬರೋ ಪೇವರೋ ನೆಲದ ಜೊತೆ ಸ್ವಲ್ಪ ಬಾಗಿ ಬಾಳುತ್ತವೆ.

ಸಭೆಗೆ ಹೋಗುವಾಗ

ಗ್ರಾಮಸಭೆಗೋ ವಾರ್ಡ್ ಸಭೆಗೋ ಹೋಗುವ ಮೊದಲು ಬಡಾವಣೆಯ ಮಂಜೂರಾದ ನಕ್ಷೆ, ರಸ್ತೆಯ ಕ್ರಾಸ್ ಸೆಕ್ಷನ್ ನಕ್ಷೆ (ರಸ್ತೆಯನ್ನು ಅಡ್ಡಕ್ಕೆ ಕೊಯ್ದಂತೆ ತೋರಿಸುವುದು), ಲೋಕೋಪಯೋಗಿ ದರಪಟ್ಟಿಯಂತೆ ತಯಾರಾದ ಅಂದಾಜುಪಟ್ಟಿ ಮೂರನ್ನೂ ಕೇಳಿ ಪಡೆಯಿರಿ. ಕ್ರಾಸ್ ಸೆಕ್ಷನ್ ಇಲ್ಲ ಎಂದರೆ ಅಗಲದ ಚರ್ಚೆಗೆ ಅರ್ಥವೇ ಇಲ್ಲ. ನಿಮ್ಮ ಬೇಡಿಕೆ ಒಂದೇ ಪುಟದಲ್ಲಿರಲಿ, ಅಳತೆಗಳ ಸಮೇತ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಮೇಜಿನ ಮೇಲೆ ಮೂರು ಪುಟದ ಮನವಿ ಮಲಗುತ್ತದೆ, ಒಂದು ಪುಟದ್ದು ಟಿಪ್ಪಣಿಯಾಗುತ್ತದೆ. ನಡಾವಳಿಯಲ್ಲಿ 'ಉತ್ತಮ ರಸ್ತೆ ನಿರ್ಮಿಸುವುದು' ಎಂದು ಬರೆಯಲು ಬಿಡಬೇಡಿ. ವಾಹನದ ಅಗಲ ಇಷ್ಟು, ಚರಂಡಿ ಇಷ್ಟು, ಹೊರಹರಿವು ಇಂಥ ಹಳ್ಳಕ್ಕೆ, ಸಿದ್ಧವಾದ ರಸ್ತೆಯ ಮಟ್ಟ ಇಂಥ ಗುರುತಿಗಿಂತ ಮೇಲೇರಬಾರದು ಎಂದು ಬರೆಸಿ.

ಆ ಗುರುತು ಅಳಿಸಲಾಗದ ಜಾಗದಲ್ಲಿರಬೇಕು. ನಮ್ಮ ಬಡಾವಣೆಯಲ್ಲಿ ಅದು ಟ್ರಾನ್ಸ್‌ಫಾರ್ಮರಿನ ಕಟ್ಟೆಯ ಮೇಲಿದೆ, ಉಳಿಯಿಂದ ಕೊರೆದ ಗೆರೆ, ಅದರ ಮೇಲೆ ಕೆಂಪು ಬಣ್ಣ. ಹೋದ ವರ್ಷ ಹೊಸ ಡಾಂಬರು ಹಾಕಲು ಬಂದವರಿಗೆ ಅದನ್ನೂ ನಡಾವಳಿಯ ನಕಲನ್ನೂ ತೋರಿಸಿದೆವು. ಅರ್ಧ ದಿನ ವಾದ ಮಾಡಿದರು. ಆಮೇಲೆ ಹಳೆಯ ಪದರ ಕಿತ್ತು ತೆಗೆಯಲು ಜೆಸಿಬಿ ತರಿಸಿದರು.